ಬೆರಳಿನಲ್ಲಿ 98, ಮೂಳೆಯಲ್ಲಿ ಎಷ್ಟು?

ನಮ್ಮ ಮನೆಯ ಟಿವಿ ಕೆಳಗಿನ ಡ್ರಾಯರ್‌ನಲ್ಲಿ ಒಂದು ಪಲ್ಸ್ ಆಕ್ಸಿಮೀಟರ್ ಇದೆ. 2021ರ ಮೇ ತಿಂಗಳಲ್ಲಿ ತಂದದ್ದು. ನಾನಾಗ ಹೈಸ್ಕೂಲು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಾಗಿ, ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡ ಸುದ್ದಿ ಬಂತು. ಅಲ್ಲಿಂದ ನಮ್ಮ ಗುಂಡ್ಲುಪೇಟೆ ಕಡೆ ಮನೆಮನೆಯಲ್ಲೂ ಒಂದೇ ಮಾತು, 'ನಿಮಗೆ ಎಷ್ಟು ತೋರಿಸ್ತು?' 98 ಅಂದ್ರೆ ನೆಮ್ಮದಿ, 94 ಅಂದ್ರೆ ಭಯ. ಆಕ್ಸಿಜನ್ ಅಂದ್ರೆ ಶ್ವಾಸಕೋಶ, ಆಕ್ಸಿಜನ್ ಅಂದ್ರೆ ಬೆರಳಿನ ಮೇಲಿನ ಆ ನಂಬರ್, ಅಷ್ಟೇ ಅಂತ ನಾನೂ ತಿಳಿದಿದ್ದೆ.

ಹೋದ ವರ್ಷ ಅಪ್ಪ ತೆರಕಣಾಂಬಿ ಹತ್ತಿರ ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಒಳಗೆ ರಾಡ್ ಹಾಕಿದರು. ರೌಂಡ್ಸಿಗೆ ಬಂದ ಡಾಕ್ಟರು ಅಪ್ಪನ ಶರ್ಟ್ ಜೇಬು ನೋಡಿ, "ಯಜಮಾನ್ರೇ, ರಾಡ್ ನಾನು ಹಾಕಿದೀನಿ. ಮೂಳೆ ಕೂಡಿಸೋದು ನಿಮ್ಮ ರಕ್ತ. ಆ ಬೀಡಿ ಕಟ್ಟು ಬಿಸಾಕದಿದ್ರೆ ಮೂಳೆಗೆ ಆಕ್ಸಿಜನ್ ಸಾಲಲ್ಲ" ಅಂದರು. ನಾನು ಸುಮ್ಮನಿರಲಾರದೆ, "ಸಾರ್, ಅಪ್ಪನಿಗೆ 98 ತೋರಿಸ್ತಿದೆಯಲ್ಲ" ಅಂದೆ. ಡಾಕ್ಟರು ನಕ್ಕರು. "ಅದು ಬೆರಳಿನ ಲೆಕ್ಕ ಕಣಪ್ಪ. ಮೂಳೆ ಲೆಕ್ಕ ಬೇರೆ. ಇಂಜಿನಿಯರಿಂಗ್ ಓದ್ತೀಯಲ್ಲ, ಹೋಗಿ ಓದು."

ಓದಿದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಇಂಗ್ಲಿಷ್ ಮೀಡಿಯಂ, ಮೆಕ್ಯಾನಿಕಲ್ ಬೇರೆ. ಕನ್ನಡವೂ ಬಯಾಲಜಿಯೂ ಎರಡೂ ಸ್ವಲ್ಪ ವೀಕ್. ತಪ್ಪಿದ್ದರೆ ಬಯೋಟೆಕ್ ಬ್ರಾಂಚಿನವರು ತಿದ್ದಬೇಕು.

ಗಾಳಿಯಿಂದ ಮೂಳೆಯವರೆಗೆ

ಮೊದಲು ಮೂಳೆ ಅಂದ್ರೆ ಒಣಗಿದ ಕಟ್ಟಿಗೆ ಥರ ಅನ್ನುವ ಕಲ್ಪನೆ ಬಿಡಬೇಕು. ಲ್ಯಾಬಿನಲ್ಲಿ ತೂಗುಹಾಕಿದ ಅಸ್ಥಿಪಂಜರ ನೋಡಿ ನಮಗೆ ಹಾಗನ್ನಿಸುತ್ತದೆ. ಜೀವಂತ ಮೂಳೆಯಲ್ಲಿ ರಕ್ತ ಹರಿಯುತ್ತದೆ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಹತ್ತನೇ ಒಂದು ಭಾಗ ಮೂಳೆಗಳಿಗೆ ಹೋಗುತ್ತದೆ. ಉದ್ದನೆಯ ಮೂಳೆಯ ಗೋಡೆಯಲ್ಲಿ ಒಳಗಿನ ಸುಮಾರು ಮೂರನೇ ಎರಡು ಭಾಗಕ್ಕೆ ಮಜ್ಜೆಯ ಕಡೆಯಿಂದ ಬರುವ ರಕ್ತನಾಳ, ಹೊರಗಿನ ಭಾಗಕ್ಕೆ ಮೂಳೆಯನ್ನು ಸುತ್ತಿಕೊಂಡ ತೆಳು ಪೊರೆಯ ನಾಳಗಳು ರಕ್ತ ಕೊಡುತ್ತವೆ.

ಆಕ್ಸಿಜನ್ ಮೂಳೆಯ ತನಕ ಬರುವಷ್ಟರಲ್ಲಿ ಅದರ ಒತ್ತಡ ಹೇಗೆ ಇಳಿಯುತ್ತದೆ ನೋಡಿ. ಸಮುದ್ರ ಮಟ್ಟದ ಗಾಳಿಯಲ್ಲಿ ಆಕ್ಸಿಜನ್ನಿನ ಒತ್ತಡ ಸುಮಾರು 160 ಮಿ.ಮೀ. ಪಾದರಸ. ಶ್ವಾಸಕೋಶದ ಗುಳ್ಳೆಗಳಲ್ಲಿ ಸುಮಾರು 100. ಮೈಯೆಲ್ಲಾ ಸುತ್ತಿ ವಾಪಸ್ ಬರುವ ರಕ್ತದಲ್ಲಿ ಸುಮಾರು 40. ಇನ್ನು ಮೂಳೆಯ ಮಜ್ಜೆಯಲ್ಲಿ? 2014ರಲ್ಲಿ ಜೀವಂತ ಇಲಿಯ ತಲೆಬುರುಡೆಯೊಳಗೆ ಲೇಸರ್ ಬಿಟ್ಟು ಅಳೆದಾಗ ಸಿಕ್ಕಿದ್ದು ಸುಮಾರು 10ರಿಂದ 32. ಶೇಕಡಾ ಲೆಕ್ಕದಲ್ಲಿ ಹೇಳಿದರೆ, ನಾವು ಉಸಿರಾಡುವ ಗಾಳಿಯಲ್ಲಿ ಶೇ 21 ಇದ್ದರೆ ಮಜ್ಜೆಯಲ್ಲಿ ಶೇ 1.3ರಿಂದ 4.2. ಅಂದರೆ ಮೂಳೆಯ ಒಳಗು ಎಲ್ಲಾ ಸರಿಯಿದ್ದಾಗಲೂ ಆಕ್ಸಿಜನ್ ಕಡಿಮೆ ಇರುವ ಜಾಗವೇ. ಬಸ್ ರೂಟಿನ ಕೊನೇ ಸ್ಟಾಪ್ ಇದ್ದ ಹಾಗೆ.

ಇಲ್ಲೊಂದು ಡೌಟ್ ಬರಬಹುದು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದರೆ ಆಕ್ಸಿಜನ್ ಕಡಿಮೆ ಅಂತಾರಲ್ಲ, ಅಲ್ಲಿ ಮೂಳೆಗೆ ತೊಂದರೆಯಾ? ಬೆಟ್ಟದ ಎತ್ತರ ಸುಮಾರು 1,450 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಶೇ 84. ಆರೋಗ್ಯವಂತರ ರಕ್ತ ಅಷ್ಟಕ್ಕೆಲ್ಲಾ ಅಲ್ಲಾಡುವುದಿಲ್ಲ. ಚಳಿ ಆಗುತ್ತೆ, ಮೂಳೆಗೆ ಏನೂ ಆಗಲ್ಲ. ಕೊರತೆ ಬರುವುದು ಗಾಳಿಯಿಂದಲ್ಲ, ಸಾಗಾಟದಿಂದ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಕರೆಂಟ್ ಹೋದಾಗ ಹತ್ತುವ ಲೈಟು

ಕಡಿಮೆ ಆಕ್ಸಿಜನ್ ಅಂದ್ರೆ ಯಾವಾಗಲೂ ಕೆಟ್ಟದ್ದು ಅಂದುಕೊಂಡಿದ್ದೆ. ಮೂಳೆಯ ವಿಷಯದಲ್ಲಿ ಹಾಗಿಲ್ಲ. ಮೂಳೆ ಹುಟ್ಟುವುದೇ ಆ ಕೊರತೆಯಿಂದ ಅಂದರೂ ನಡೆಯುತ್ತೆ.

ನಮ್ಮ ಜೀವಕೋಶಗಳಲ್ಲಿ ಹಿಫ್ ಎಂಬ ಒಂದು ಪ್ರೋಟೀನ್ ಇದೆ. ಕೋಶ ಇದನ್ನು ಸದಾ ತಯಾರಿಸುತ್ತಲೇ ಇರುತ್ತದೆ. ಆಕ್ಸಿಜನ್ ಸಾಕಷ್ಟು ಇದ್ದರೆ, ಆಕ್ಸಿಜನ್ನನ್ನೇ ಬಳಸಿಕೊಂಡು ಒಂದು ಕಿಣ್ವ ಹಿಫ್ ಮೇಲೆ ಗುರುತು ಹಾಕುತ್ತದೆ. ಗುರುತು ಬಿದ್ದ ಹಿಫ್ ನೇರ ಕೋಶದ ಕಸದ ಮಿಷನ್ನಿಗೆ. ಆಕ್ಸಿಜನ್ ಕಡಿಮೆಯಾದರೆ ಗುರುತು ಬೀಳುವುದಿಲ್ಲ. ಹಿಫ್ ಉಳಿದುಕೊಂಡು ಕೋಶದ ಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಆನ್ ಮಾಡುತ್ತದೆ. ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಎಮರ್ಜೆನ್ಸಿ ಲೈಟ್ ಇದೆಯಲ್ಲ, ಕರೆಂಟ್ ಇರುವತನಕ ಆಫ್, ಕರೆಂಟ್ ಹೋದ ತಕ್ಷಣ ತಾನೇ ಹತ್ತುತ್ತದೆ. ಲಾಜಿಕ್ ಅದೇ. ಕೋಶಗಳು ಆಕ್ಸಿಜನ್ನನ್ನು ಹೀಗೆ ಗುರುತಿಸುತ್ತವೆ ಎಂದು ಕಂಡುಹಿಡಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆನ್ಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು.

ಹಿಫ್ ಆನ್ ಮಾಡುವ ಜೀನ್‌ಗಳಲ್ಲಿ ಒಂದರ ಕೆಲಸ 'ಇಲ್ಲಿಗೆ ಹೊಸ ರಕ್ತನಾಳ ಬೇಕು' ಅಂತ ಕೂಗಿ ಹೇಳುವುದು. ಇನ್ನು ಕೆಲವು, ಆಕ್ಸಿಜನ್ ಇಲ್ಲದೆಯೇ ಸಕ್ಕರೆಯಿಂದ ಶಕ್ತಿ ತೆಗೆಯುವ ದಾರಿ ತೆರೆಯುತ್ತವೆ.

ಮಕ್ಕಳ ಮೂಳೆ ಉದ್ದವಾಗುವುದು ತುದಿಗಳ ಹತ್ತಿರ ಇರುವ ಗ್ರೋತ್ ಪ್ಲೇಟಿನಲ್ಲಿ. ಅದು ಮೃದ್ವಸ್ಥಿಯ ಒಂದು ತೆಳು ಪದರ, ನಮ್ಮ ಕಿವಿ ಇದೆಯಲ್ಲ, ಆ ಥರದ ಮೆತ್ತನೆ ವಸ್ತು. ಅದರೊಳಗೆ ರಕ್ತನಾಳವೇ ಇಲ್ಲ. ಅಲ್ಲಿನ ಕೋಶಗಳು ಸಾಲಾಗಿ ಹೆಚ್ಚುತ್ತವೆ, ಊದಿಕೊಳ್ಳುತ್ತವೆ, ಕೊನೆಗೆ ರಕ್ತನಾಳವನ್ನು ಕರೆಯುತ್ತವೆ. ನಾಳದ ಜೊತೆ ಮೂಳೆ ಕಟ್ಟುವ ಕೋಶಗಳು, ಅಂದರೆ ಆಸ್ಟಿಯೋಬ್ಲಾಸ್ಟ್‌ಗಳು ಬಂದು ಆ ಮೆತ್ತನೆ ಅಚ್ಚಿನ ಮೇಲೆ ಗಟ್ಟಿ ಮೂಳೆ ಕಟ್ಟುತ್ತವೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಮೃದ್ವಸ್ಥಿಯಿಂದ ಹಿಫ್ ಅನ್ನು ತೆಗೆದುಹಾಕಿದರು. ಗ್ರೋತ್ ಪ್ಲೇಟಿನ ನಟ್ಟನಡುವಿನ, ಅಂದರೆ ರಕ್ತದಿಂದ ಅತಿ ದೂರದ ಕೋಶಗಳು ಸತ್ತೇಹೋದವು. ಕೊರತೆಯಲ್ಲಿ ಬದುಕಲು ಕಲಿಸುತ್ತಿದ್ದದ್ದು ಹಿಫ್. 2007ರ ಇನ್ನೊಂದು ಪ್ರಯೋಗದಲ್ಲಿ ಆಸ್ಟಿಯೋಬ್ಲಾಸ್ಟ್‌ಗಳಲ್ಲಿ ಹಿಫ್ ಸದಾ ಆನ್ ಇರುವಂತೆ ಮಾಡಿದಾಗ, ಇಲಿಗಳ ಮೂಳೆಯಲ್ಲಿ ರಕ್ತನಾಳವೂ ಹೆಚ್ಚಾಯಿತು, ಮೂಳೆಯೂ ದಪ್ಪವಾಯಿತು.

ಮೂಳೆ ಮುರಿದಾಗಲೂ ಇದೇ ಕಥೆ ಮರುಕಳಿಸುತ್ತದೆ. ಮುರಿದ ಜಾಗದಲ್ಲಿ ನಾಳಗಳು ಹರಿದು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಆಕ್ಸಿಜನ್ ತುಂಬಾ ಕಡಿಮೆ. ಎಮರ್ಜೆನ್ಸಿ ಲೈಟ್ ಹತ್ತುತ್ತದೆ. ಎರಡು ಮೂರು ವಾರದಲ್ಲಿ ಎರಡು ತುಂಡುಗಳ ನಡುವೆ ಮೃದ್ವಸ್ಥಿಯ ಮೆತ್ತನೆ ಸೇತುವೆ ಬರುತ್ತದೆ. ಅದಕ್ಕೆ ಕ್ಯಾಲಸ್ ಅಂತಾರೆ. ನಾಳಗಳು ಒಳಗೆ ನುಗ್ಗಿದ ಮೇಲೆ ಅದು ಗಟ್ಟಿ ಮೂಳೆಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಫಿನಿಶಿಂಗ್ ಕೆಲಸ. ಸಿವಿಲ್‌ನವರಿಗೆ ಹೇಳುವುದಾದರೆ ಮೊದಲು ಸೆಂಟ್ರಿಂಗ್, ಆಮೇಲೆ ಕಾಂಕ್ರೀಟ್, ಆಮೇಲೆ ಕ್ಯೂರಿಂಗ್.

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಇಷ್ಟವಾಗುವ ಒಂದು ವಿಷಯವೂ ಇಲ್ಲಿದೆ. ಬಿರುಕಿನ ನಡುವೆ ಸ್ಟ್ರೇನ್ ಸುಮಾರು ಶೇ 2ರೊಳಗೆ ಇದ್ದರೆ ಮೂಳೆ ಕಟ್ಟಬಲ್ಲದು, ಶೇ 10ರ ತನಕ ಮೃದ್ವಸ್ಥಿ ತಾಳಬಲ್ಲದು. ಮೊದಲ ದಿನಗಳ ಮೆತ್ತನೆ ಅಂಗಾಂಶ ಶೇ 100ರವರೆಗೂ ಹಿಗ್ಗುತ್ತದೆ. ಸ್ಟಿಫ್ಟನೆಸ್ ನಿಧಾನಕ್ಕೆ ಹೆಚ್ಚಿದಂತೆ ಸ್ಟ್ರೇನ್ ಇಳಿಯುತ್ತದೆ, ಮುಂದಿನ ಹಂತಕ್ಕೆ ದಾರಿಯಾಗುತ್ತದೆ. ಕಾಲು ಅತಿಯಾಗಿ ಅಲ್ಲಾಡಿದರೆ ಆಗಷ್ಟೇ ಹುಟ್ಟಿದ ಕೂದಲೆಳೆಗಿಂತ ಸಣ್ಣ ನಾಳಗಳು ಹರಿಯುತ್ತವೆ. ನಾಳ ಇಲ್ಲ ಅಂದರೆ ಆಕ್ಸಿಜನ್ ಇಲ್ಲ, ಕೆಲಸ ಮೃದ್ವಸ್ಥಿಯ ಹಂತದಲ್ಲೇ ನಿಂತುಬಿಡುತ್ತದೆ. ರಾಡು, ಪ್ಲೇಟು, ಪ್ಲಾಸ್ಟರ್ ಎಲ್ಲಾ ಇರುವುದು ಅದಕ್ಕೆ.

ಲೈಟ್ ಆರದೇ ಇದ್ದರೆ

ಎಮರ್ಜೆನ್ಸಿ ಲೈಟ್ ಹತ್ತಿದ್ದು ಸರಿ. ಆದರೆ ಕರೆಂಟ್ ಬರಲೇ ಇಲ್ಲ ಅಂದ್ರೆ? ಬ್ಯಾಟರಿ ಮುಗಿಯುತ್ತದೆ.

2006ರಲ್ಲಿ ಲಂಡನ್ನಿನ ಸಂಶೋಧಕರು ಇಲಿಯ ಆಸ್ಟಿಯೋಬ್ಲಾಸ್ಟ್‌ಗಳನ್ನು ಬೇರೆ ಬೇರೆ ಆಕ್ಸಿಜನ್ ಮಟ್ಟದಲ್ಲಿ ಬೆಳೆಸಿ, ಅವು ಎಷ್ಟು ಮೂಳೆ ಕಟ್ಟುತ್ತವೆ ಅಂತ ಅಳೆದರು. ಶೇ 20ರಲ್ಲಿ ಕಟ್ಟಿದ್ದಕ್ಕೆ ಹೋಲಿಸಿದರೆ ಶೇ 5ರಲ್ಲಿ 1.7 ಪಟ್ಟು ಕಡಿಮೆ. ಶೇ 2ರಲ್ಲಿ 11 ಪಟ್ಟು ಕಡಿಮೆ. ಶೇ 0.2ರಲ್ಲಿ ಕೆಲಸ ಹೆಚ್ಚೂಕಡಿಮೆ ಬಂದ್. ಅದೇ ಹೊತ್ತಿಗೆ ಮೂಳೆಯನ್ನು ಕರಗಿಸುವ ಇನ್ನೊಂದು ಬಗೆಯ ಕೋಶಗಳು, ಆಸ್ಟಿಯೋಕ್ಲಾಸ್ಟ್‌ಗಳು, ಕಡಿಮೆ ಆಕ್ಸಿಜನ್ನಿನಲ್ಲಿ ಇನ್ನೂ ಹೆಚ್ಚು ಹುಟ್ಟುತ್ತವೆ. ಗಾರೆ ಕೆಲಸದವರು ಮನೆಗೆ ಹೋದರು, ಕೆಡವುವವರು ಡಬಲ್ ಶಿಫ್ಟ್ ಬಂದರು ಅಂದ ಹಾಗೆ.

ಮಜ್ಜೆಯಲ್ಲೇ ಶೇ 1.3ರಿಂದ 4.2 ಅಂತ ಮೇಲೆ ಹೇಳಿದೆಯಲ್ಲ, ಹಾಗಾದರೆ ನಮಗೆಲ್ಲ ಮೂಳೆ ಹೇಗೆ ಕಟ್ಟುತ್ತಿದೆ? ನನಗೂ ಇದು ಗೊಂದಲವಾಯಿತು. ಅದೇ 2014ರ ಅಳತೆಯಲ್ಲಿ ಮೂಳೆಯ ಗೋಡೆಗೆ ಹತ್ತಿರದ ಜಾಗದಲ್ಲಿ ಆಕ್ಸಿಜನ್ ಸ್ವಲ್ಪ ಹೆಚ್ಚು, ಒಳಗೆ ಹೋದಷ್ಟೂ ಕಡಿಮೆ ಇತ್ತು. ಆಸ್ಟಿಯೋಬ್ಲಾಸ್ಟ್‌ಗಳು ಕೆಲಸ ಮಾಡುವುದು ಗೋಡೆಯ ಮೇಲೆ, ನಾಳದ ಪಕ್ಕದಲ್ಲಿ. ಆ ಸಣ್ಣ ಅಂತರವೇ ಇಲ್ಲಿ ಮುಖ್ಯ.

ಯಾಕೆ ಕೆಲಸ ನಿಲ್ಲುತ್ತದೆ? ಕೋಶಕ್ಕೆ ಶಕ್ತಿ ಸಾಲದೆ ಇರುವುದು ಒಂದು ಕಾರಣ. ಇನ್ನೊಂದು ಕಾರಣ ಮೆಟೀರಿಯಲ್‌ದು. ಮೂಳೆ ಅಂದರೆ ಕೊಲಾಜೆನ್ ಎಂಬ ನಾರಿನ ಮೇಲೆ ಕ್ಯಾಲ್ಸಿಯಂ ಖನಿಜ ಕೂತದ್ದು, ಒಂಥರಾ ಕಂಪೋಸಿಟ್. ಮೂರು ಎಳೆಗಳು ಹಗ್ಗದಂತೆ ಹೆಣೆದು ಕೊಲಾಜೆನ್ ಆಗುತ್ತದೆ. ಆ ಹೆಣಿಗೆ ಬಿಗಿಯಾಗಲು ಮತ್ತು ನಾರು ನಾರಿಗೆ ಬೆಸೆಯಲು ಬೇಕಾದ ರಾಸಾಯನಿಕ ಕ್ರಿಯೆಗಳಿಗೆ ಆಕ್ಸಿಜನ್ ಅಣುವೇ ಕಚ್ಚಾವಸ್ತು. ಹೆಣಿಗೆಗೆ ವಿಟಮಿನ್ ಸಿ ಕೂಡ ಬೇಕು. ನಮ್ಮ ಕಡೆ ಬೆಟ್ಟದಿಂದ ಬರುವ ನೆಲ್ಲಿಕಾಯಿಯಲ್ಲಿ ಅದು ಬೇಕಾದಷ್ಟಿದೆ.

ಇಷ್ಟು ಓದಿದ ಮೇಲೆ ನನಗೆ ಅರ್ಥವಾದದ್ದು: ಮೂಳೆಗೆ ಆಕ್ಸಿಜನ್ ಕೊರತೆ ಒಂದು ಸಿಗ್ನಲ್ ಆಗಿ ಬಂದುಹೋಗಬೇಕು, ಮನೆ ಮಾಡಿಕೊಂಡು ಕೂರಬಾರದು.

ಕರ್ಚೀಫ್ ಹಾಕಿದ ಸೀಟು

ಈಗ ಅಪ್ಪನ ಬೀಡಿಗೆ ಬರೋಣ. ಹಿಮೋಗ್ಲೋಬಿನ್ ಅನ್ನು ಬಸ್ ಅಂತಲೂ ಆಕ್ಸಿಜನ್ ಅನ್ನು ಪ್ಯಾಸೆಂಜರ್ ಅಂತಲೂ ಇಟ್ಟುಕೊಳ್ಳಿ. ಬಸ್ ಶ್ವಾಸಕೋಶದಲ್ಲಿ ತುಂಬಿಕೊಂಡು ಮೂಳೆಯ ಸ್ಟಾಪಿನಲ್ಲಿ ಇಳಿಸಬೇಕು.

ಬೀಡಿ, ಸಿಗರೇಟ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ ಬಂದ ಕೂಡಲೇ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟ್ ಹಿಡಿಯುತ್ತಾರಲ್ಲ, ಹಾಗೆ. ಸೀಟು ಭರ್ತಿ, ಆದರೆ ಕೂತವರು ಯಾರೂ ಇಲ್ಲ. ಕರ್ಚೀಫ್ ಯಾವ ಸ್ಟಾಪಿನಲ್ಲೂ ಇಳಿಯುವುದಿಲ್ಲ. ಹೆಚ್ಚು ಸೇದುವವರಲ್ಲಿ ಶೇ 5ರಿಂದ 10ರಷ್ಟು ಸೀಟುಗಳು ಹೀಗೆ ಹೋಗಬಹುದು. ಸಾಲದ್ದಕ್ಕೆ, ಕಾರ್ಬನ್ ಮಾನಾಕ್ಸೈಡ್ ಕೂತ ಹಿಮೋಗ್ಲೋಬಿನ್ ಉಳಿದ ಆಕ್ಸಿಜನ್ನನ್ನೂ ಸುಲಭವಾಗಿ ಇಳಿಸುವುದಿಲ್ಲ. ನಿಕೋಟಿನ್ ಬೇರೆ ಸಣ್ಣ ನಾಳಗಳನ್ನು ಕಿರಿದು ಮಾಡುತ್ತದೆ. ಬಸ್ಸಿನಲ್ಲಿ ಜನ ಕಡಿಮೆ, ರಸ್ತೆಯೂ ಇಕ್ಕಟ್ಟು.

ಬೆರಳಿನ ಮೀಟರ್ ಇದನ್ನು ಯಾಕೆ ತೋರಿಸಲಿಲ್ಲ? ಅದು ಎರಡು ಬಣ್ಣದ ಬೆಳಕು ಬಿಟ್ಟು, ರಕ್ತ ಎಷ್ಟು ಹೀರಿತು ಅಂತ ಲೆಕ್ಕ ಹಾಕುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೂಡ ಅದರ ಕಣ್ಣಿಗೆ ಕೆಂಪಗೇ ಕಾಣುತ್ತದೆ. ಕರ್ಚೀಫನ್ನೂ ಪ್ಯಾಸೆಂಜರ್ ಅಂತಲೇ ಎಣಿಸುತ್ತದೆ. ಹಾಗಾಗಿ 98.

ಲೆಕ್ಕ ಮಾಡಿಯೇ ನೋಡೋಣ. 1 ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಕ್ಸಿಜನ್ ಹೊರುತ್ತದೆ. 100 ಮಿ.ಲೀ. ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದ್ದು, ಶೇ 98 ತುಂಬಿದ್ದರೆ 15 × 1.34 × 0.98, ಅಂದರೆ 19.7 ಮಿ.ಲೀ. ಅದರಲ್ಲಿ ಶೇ 10 ಕರ್ಚೀಫ್ ಆದರೆ 17.7. ಇನ್ನು ರಕ್ತಹೀನತೆ ಇದ್ದು ಹಿಮೋಗ್ಲೋಬಿನ್ ಬರೀ 8 ಗ್ರಾಂ ಇದ್ದರೆ 10.5. ಮೂರಕ್ಕೂ ಮೀಟರ್ ತೋರಿಸುವುದು 98ರ ಆಸುಪಾಸೇ! ಮೀಟರ್ ಹೇಳುವುದು ಬಸ್ ಎಷ್ಟು ತುಂಬಿದೆ ಅಂತ. ಎಷ್ಟು ಬಸ್ ಇವೆ, ರಸ್ತೆ ತೆರೆದಿದೆಯಾ, ಕೊನೇ ಸ್ಟಾಪಿನಲ್ಲಿ ಎಷ್ಟು ಜನ ಇಳಿದರು ಅಂತ ಅದು ಹೇಳುವುದಿಲ್ಲ.

ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸೇದುವವರಲ್ಲಿ ಮುರಿದ ಮೂಳೆ ಕೂಡದೇ ಉಳಿಯುವ ಅಪಾಯ ಸೇದದವರಿಗಿಂತ ಸುಮಾರು ಎರಡು ಪಟ್ಟು. ಅದರಲ್ಲೂ ಅಪ್ಪನಿಗೆ ಮುರಿದದ್ದು ಮೊಣಕಾಲಿನ ಕೆಳಗಿನ ಮೂಳೆಯ ಕೆಳತುದಿ ಕಡೆ. ಅಲ್ಲಿ ಚರ್ಮದ ಕೆಳಗೆ ಸ್ನಾಯು ತೀರಾ ಕಡಿಮೆ, ರಕ್ತವೂ ಕಡಿಮೆ. ಮೂರನೇ ತಿಂಗಳ ಎಕ್ಸ್‌ರೇನಲ್ಲಿ ಬಿರುಕು ಹಾಗೇ ಕಪ್ಪಗೆ ಕಾಣುತ್ತಿತ್ತು. ಅಪ್ಪ "ನಿಲ್ಸಿಬಿಟ್ಟಿದೀನಿ ಡಾಕ್ಟ್ರೇ" ಅಂದರು. ನನಗೆ ಗೊತ್ತಿತ್ತು, ನಿಲ್ಲಿಸಿರಲಿಲ್ಲ. ಪಂಪ್‌ಸೆಟ್ ಮನೆ ಹಿಂದೆ ಬೀಡಿ ತುಂಡುಗಳಿದ್ದವು.

ಆ ಸಂಜೆ ನಾನು ಅಪ್ಪನಿಗೆ ಬೈಯಲಿಲ್ಲ. ಈ ಕರ್ಚೀಫ್ ಕಥೆ ಹೇಳಿದೆ. ಮುಖ್ಯವಾಗಿ ಒಂದು ಸಮಾಧಾನದ ಲೆಕ್ಕವೂ ಹೇಳಿದೆ: ಮಾಮೂಲಿ ಗಾಳಿ ಉಸಿರಾಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ನಾಲ್ಕೈದು ಗಂಟೆಗೆ ಅರ್ಧ, ಇನ್ನು ನಾಲ್ಕೈದು ಗಂಟೆಗೆ ಅದರರ್ಧ ಆಗುತ್ತಾ ಹೋಗುತ್ತದೆ. ಒಂದು ದಿನ ಸೇದದಿದ್ದರೆ ಕರ್ಚೀಫ್‌ಗಳೆಲ್ಲ ಬಹುಪಾಲು ಖಾಲಿ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಒಂದ್ ದಿನಕ್ಕೇ ಹೋಗ್ತದಾ?" ಅಂದರು. ಮೂವತ್ತು ವರ್ಷದ ಚಟ ಬಿಡು ಅಂದಾಗ ಆಗದವರು, 'ಇವತ್ತೊಂದು ದಿನ' ಅಂದಾಗ ಒಪ್ಪಿದರು.

ಪಕ್ಕದ ಬೆಡ್ಡಿನ ಹುಡುಗ

ಅಪ್ಪನ ಪಕ್ಕದ ಬೆಡ್ಡಿನಲ್ಲಿ ಹನ್ನೆರಡು ಹದಿಮೂರು ವರ್ಷದ ಒಬ್ಬ ಹುಡುಗ ಇದ್ದ. ಕಾಡಂಚಿನ ಒಂದು ಸೋಲಿಗರ ಪೋಡಿನವನು. ಅವನು ಎಲ್ಲೂ ಬಿದ್ದಿರಲಿಲ್ಲ, ಏನೂ ಮುರಿದಿರಲಿಲ್ಲ. ಸೊಂಟ ನೋವು, ಕುಂಟುತ್ತಿದ್ದ. ಅವನ ತಾಯಿ, "ಚಿಕ್ಕೋನಿದ್ದಾಗಿಂದ್ಲೂ ಕೈಕಾಲು ಬಾವು ಬರೋದು, ಗಾಳಿ ನೋವು ಅಂತ ಎಣ್ಣೆ ತಿಕ್ತಿದ್ವಿ" ಅಂದರು. ಮೊದಲು ತೆಗೆಸಿದ ಎಕ್ಸ್‌ರೇನಲ್ಲಿ ಏನೂ ಕಂಡಿರಲಿಲ್ಲವಂತೆ. ಎಂಆರ್‌ಐ ಮಾಡಿದಾಗ ಗೊತ್ತಾಯಿತು. ತೊಡೆಮೂಳೆಯ ಮೇಲ್ತುದಿಯ ಗುಂಡು, ಸೊಂಟದ ಬಟ್ಟಲಿನಲ್ಲಿ ತಿರುಗುವ ಭಾಗ, ಒಳಗೊಳಗೇ ಸಾಯುತ್ತಿತ್ತು. ಕಾರಣ ಸಿಕಲ್ ಸೆಲ್.

ಇದು ನಮ್ಮ ಜಿಲ್ಲೆಯ ಕಥೆಯೂ ಹೌದು. ಭಾರತದಲ್ಲಿ ಸಿಕಲ್ ಸೆಲ್ ಅನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಅಂದರೆ ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿ ಬಸ್ ಹತ್ತುವ ಬೆಟ್ಟಗಳಲ್ಲೇ. ಬೆಟ್ಟದ ಈಚೆ ನಮ್ಮ ಸೋಲಿಗರು, ಜೇನುಕುರುಬರು ಇದ್ದಾರೆ. ಬುಡಕಟ್ಟು ಜನರಲ್ಲಿ ಈ ರೋಗ ಹೆಚ್ಚು ಕಾಣುವುದಕ್ಕೂ ಒಂದು ಕಾರಣ ಇದೆ. ಈ ಜೀನ್ ಒಂದೇ ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಇದ್ದ ಕಾಡುಗಳಲ್ಲಿ ಆ ಜೀನ್ ಉಳಿದುಕೊಂಡಿತು. ಅದು ಯಾರ ತಪ್ಪೂ ಅಲ್ಲ, ಯಾವ ಜಾತಿಯ ಕಳಂಕವೂ ಅಲ್ಲ.

ಏನಾಗುತ್ತದೆ ಅಂದರೆ, ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 6ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್. ಆಕ್ಸಿಜನ್ ತುಂಬಿರುವ ತನಕ ತೊಂದರೆ ಇಲ್ಲ. ಆಕ್ಸಿಜನ್ ಇಳಿಸಿದ ಮೇಲೆ ಈ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಕಡ್ಡಿಗಳಾಗುತ್ತವೆ. ದುಂಡಗೆ ಮೆತ್ತಗೆ ಇದ್ದ ರಕ್ತಕಣ ಕುಡುಗೋಲಿನಂತೆ ಬಾಗಿ ಬಿಗಿಯಾಗುತ್ತದೆ. ನಮ್ಮ ಬಸ್ ಪ್ಯಾಸೆಂಜರ್ ಇಳಿಸಿದ ತಕ್ಷಣ ಸೊಟ್ಟಗಾಗಿ ಗಲ್ಲಿಗೆ ಅಡ್ಡ ನಿಂತ ಹಾಗೆ. ಹಿಂದಿನ ಬಸ್ಸುಗಳೂ ಬರುವ ಹಾಗಿಲ್ಲ. ಅಲ್ಲಿ ಆಕ್ಸಿಜನ್ ಇನ್ನೂ ಇಳಿಯುತ್ತದೆ, ಇನ್ನಷ್ಟು ಕಣಗಳು ಬಾಗುತ್ತವೆ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದುವ ಪಾಸಿಟಿವ್ ಫೀಡ್‌ಬ್ಯಾಕ್ ಇದೇ. ಜೊತೆಗೆ, ಮಾಮೂಲಿ ರಕ್ತಕಣ ಸುಮಾರು 120 ದಿನ ಬದುಕಿದರೆ ಈ ಕಣಗಳು ಬದುಕುವುದು 10ರಿಂದ 20 ದಿನ. ಅಂದರೆ ಬಸ್ಸುಗಳೂ ಕಡಿಮೆ.

ಮೈಯಲ್ಲಿ ಆಕ್ಸಿಜನ್ ಮೊದಲೇ ಕಡಿಮೆ ಇರುವ, ರಕ್ತ ನಿಧಾನಕ್ಕೆ ಹರಿಯುವ ಜಾಗ ಯಾವುದು ಅಂತ ಮೇಲೆ ನೋಡಿದೆವಲ್ಲ. ಮೂಳೆಯ ಮಜ್ಜೆ! ಅದಕ್ಕೇ ಈ ರೋಗದಲ್ಲಿ ಏಟು ಬೀಳುವುದು ಹೆಚ್ಚಾಗಿ ಮೂಳೆಗೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗುವಿನಲ್ಲಿ ಬೇರೆ ಬಗೆಯ, ಭ್ರೂಣದ ಕಾಲದ ಹಿಮೋಗ್ಲೋಬಿನ್ ಇರುವುದರಿಂದ ಏನೂ ಕಾಣುವುದಿಲ್ಲ. ಸುಮಾರು ಆರು ತಿಂಗಳ ನಂತರ ಪುಟ್ಟ ಕೈಕಾಲುಗಳು ಬಾತು, ಮಗು ಮುಟ್ಟಿಸಿಕೊಳ್ಳದೆ ಅಳಬಹುದು. ಅದು ಕೈಕಾಲಿನ ಸಣ್ಣ ಮೂಳೆಗಳಿಗೆ ರಕ್ತ ನಿಂತದ್ದರಿಂದ. ಗ್ರೋತ್ ಪ್ಲೇಟಿಗೆ ಹೋಗುವ ರಕ್ತ ಪದೇಪದೇ ನಿಂತರೆ ಆ ಮೂಳೆ ಗಿಡ್ಡವಾಗಬಹುದು. ಬೆನ್ನುಮೂಳೆಯ ಬಿಲ್ಲೆಗಳ ನಡುಭಾಗ ಬೆಳೆಯದೆ ಒಳಕ್ಕೆ ಕುಸಿದಂತೆ ಆಗುವುದು ಈ ರೋಗದ ಎಕ್ಸ್‌ರೇ ಗುರುತುಗಳಲ್ಲೊಂದು. ಸತ್ತ ಮೂಳೆಯ ಜಾಗದಲ್ಲಿ ಸೋಂಕೂ ಬೇಗ ಹಿಡಿಯುತ್ತದೆ. ತೊಡೆಮೂಳೆಯ ಗುಂಡಿಗೆ ರಕ್ತ ಬರುವ ದಾರಿಗಳು ಕೆಲವೇ ಕೆಲವು, ಬದಲಿ ರಸ್ತೆ ಇಲ್ಲ. ಅವು ಮುಚ್ಚಿದರೆ ಗುಂಡು ನಿಧಾನಕ್ಕೆ ಕುಸಿಯುತ್ತದೆ. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಇರಬಹುದು, ಎಂಆರ್‌ಐ ಮೊದಲೇ ಹಿಡಿಯುತ್ತದೆ. ಬೇಗ ಗೊತ್ತಾದರೆ ಭಾರ ಹಾಕದಂತೆ ನೋಡಿಕೊಳ್ಳಬಹುದು, ಗುಂಡು ಉಳಿಸುವ ಆಪರೇಷನ್ ಯೋಚಿಸಬಹುದು. ತಡವಾದರೆ ಕೀಲು ಬದಲಾಯಿಸಬೇಕಾಗುತ್ತದೆ.

ಆ ಹುಡುಗನ ಬೆರಳಿನಲ್ಲೂ ಮೀಟರ್ ಇತ್ತು. ಅದು 96 ತೋರಿಸುತ್ತಿತ್ತು. ನಾನು ಎರಡು ಬೆಡ್ ಮಧ್ಯೆ ಸ್ಟೂಲಿನಲ್ಲಿ ಕೂತು 98 ಮತ್ತು 96 ನೋಡುತ್ತಿದ್ದೆ. ಎರಡೂ ಒಳ್ಳೆಯ ನಂಬರ್. ಎರಡೂ ಮೂಳೆಗಳು ಆಕ್ಸಿಜನ್ ಸಾಲದೆ ಒದ್ದಾಡುತ್ತಿದ್ದವು. ಅಪ್ಪನದು ಬಿಟ್ಟರೆ ಬಿಡಬಹುದಾದ ಚಟ. ಅವನದು ಹುಟ್ಟಿನಿಂದ ಬಂದದ್ದು, ಆರು ತಿಂಗಳ ಮಗುವಾಗಿದ್ದಾಗಲೇ ಒಂದು ರಕ್ತ ಪರೀಕ್ಷೆಯಿಂದ ಗೊತ್ತಾಗಬಹುದಾಗಿದ್ದದ್ದು.

ನಾವೇನು ಮಾಡಬಹುದು

ನಾವು ಡಾಕ್ಟರಲ್ಲ, ನಿಜ. ಆದರೆ ನಮ್ಮಲ್ಲಿ ಎನ್ಎಸ್ಎಸ್ ಕ್ಯಾಂಪಿಗೆ ಹಳ್ಳಿಗೆ ಹೋಗುವವರಿದ್ದೀರಿ, ಊರಲ್ಲಿ ನಮ್ಮ ಮಾತು ಕೇಳುವವರೂ ಇದ್ದಾರೆ. ಇಷ್ಟು ನೆನಪಿದ್ದರೆ ಸಾಕು.

1. ಮೂಳೆ ಮುರಿದವರ ಮನೆಯಲ್ಲಿ ಮೊದಲು ನಿಲ್ಲಬೇಕಾದ್ದು ಹೊಗೆ. ಕಾಲುಸೂಪು ಕುಡಿಸುವುದು ಆಮೇಲೆ. ನಿಕೋಟಿನ್ ಇರುವ ವೇಪ್ ಕೂಡ ಲೆಕ್ಕಕ್ಕೆ ಬರುತ್ತದೆ, ಹಾಸ್ಟೆಲ್ ಮಿತ್ರರ ಗಮನಕ್ಕೆ.

2. ಪ್ಲಾಸ್ಟರ್ ಇರಲಿ, ನಾಟಿ ಕಟ್ಟು ಇರಲಿ, ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ನೀಲಿ ಅಥವಾ ಬಿಳಿಚಿಕೊಂಡರೆ, ನೋವು ತಗ್ಗುವ ಬದಲು ಏರುತ್ತಲೇ ಹೋದರೆ ಬೆಳಗಾಗಲಿ ಅಂತ ಕಾಯಬಾರದು. ಬಿಗಿಯಿಂದ ರಕ್ತವೇ ನಿಂತಿರಬಹುದು. ಕೆಲವು ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ತಕ್ಷಣ ಆಸ್ಪತ್ರೆ.

3. ಮೂಳೆ ಕೂಡುವುದು ತಡವಾಗುತ್ತಿದ್ದರೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ. ಬೆರಳಿನ ಮೀಟರ್ ಸಾಲದು.

4. ಮಗುವಿಗೆ ಪದೇಪದೇ ಮೂಳೆ ನೋವು, ಕೈಕಾಲು ಬಾವು, ಕಣ್ಣು ಹಳದಿ, ರಕ್ತ ಕಡಿಮೆ ಇದ್ದರೆ ಗಾಳಿ ನೋವು ಅಂತ ಬಿಡಬೇಡಿ, ಸಿಕಲ್ ಸೆಲ್ ಪರೀಕ್ಷೆ ಕೇಳಿ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನ ಮಿಷನ್ ಶುರು ಮಾಡಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ ಅದರ ಗುರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆಯೇ ಇದ್ದು ಕೆಲಸ ಮಾಡುತ್ತಾ ಬಂದಿದೆ.

5. ಒಂದೇ ಜೀನ್ ಇರುವವರು ರೋಗಿಗಳಲ್ಲ, ವಾಹಕರು. ಅವರ ಬದುಕು ಎಲ್ಲರಂತೆಯೇ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇದನ್ನು ಹೇಳುವಾಗ ಯಾರ ಮದುವೆಯೂ ಮುರಿಯದ ಹಾಗೆ, ಯಾರ ಮನಸ್ಸೂ ನೋಯದ ಹಾಗೆ ಹೇಳಬೇಕು.

6. ರೋಗ ಇದ್ದವರಿಗೆ ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಇದೆ. ಭ್ರೂಣದ ಕಾಲದ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ಕಣಗಳು ಬಾಗುವುದನ್ನು ಅದು ತಗ್ಗಿಸುತ್ತದೆ. ಡಾಕ್ಟರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಸಾಕಷ್ಟು ನೀರು ಕುಡಿಯುವುದು, ಚಳಿಗೆ ಮೈ ಒಡ್ಡದಿರುವುದು, ಜ್ವರ ಬಂದರೆ ತಡ ಮಾಡದಿರುವುದು ಕೂಡ ಔಷಧಿಯಷ್ಟೇ ಮುಖ್ಯ.

ಅಪ್ಪನ ಆರನೇ ತಿಂಗಳ ಎಕ್ಸ್‌ರೇನಲ್ಲಿ ಬಿರುಕಿನ ಸುತ್ತ ಬಿಳಿ ಮೋಡದಂತೆ ಕ್ಯಾಲಸ್ ಬಂದಿತ್ತು. ಡಾಕ್ಟರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು, "ಈಗ ಕೂಡ್ತಿದೆ" ಅಂದರು. ಅಪ್ಪ ಈಗ ಕೋಲಿಲ್ಲದೆ ಅರಿಶಿನದ ಹೊಲಕ್ಕೆ ಹೋಗಿಬರುತ್ತಾರೆ. ಎರಡು ಸಲ ಮತ್ತೆ ಸೇದಿದ್ದಾರೆ, ನನ್ನ ಹತ್ತಿರ ಅವರೇ ಹೇಳಿದರು. ಮಾರನೇ ದಿನದಿಂದ ಮತ್ತೆ 'ಇವತ್ತೊಂದು ದಿನ'.

ಆ ಹುಡುಗ ಡಿಸ್ಚಾರ್ಜ್ ಆಗಿ ಹೋಗುವಾಗ ಊರುಗೋಲು ಹಿಡಿದಿದ್ದ. ಅವನ ತಂಗಿಗೂ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ತಾಯಿ ಅದನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಈ ರಜೆಯಲ್ಲಿ ನಮ್ಮ ಎನ್ಎಸ್ಎಸ್ ಕ್ಯಾಂಪ್ ಆ ಕಡೆ ಇದ್ದರೆ ಒಂದು ದಿನ ಈ ವಿಷಯ ಮಾತಾಡೋಣ ಅಂತ ನನ್ನಾಸೆ. ಬರುವವರು ಕ್ಲಬ್ ಗ್ರೂಪಿನಲ್ಲಿ ಹೆಸರು ಹಾಕಿ.

– ಎರಡನೇ ವರ್ಷ, ಮೆಕ್ಯಾನಿಕಲ್ ವಿಭಾಗ